ಸಾಲಿನ ಬಾಲಕ್ಕಂಟಿದ 13

ವಿಂಡೋಸ್‌ನಲ್ಲಿ ಬರೆದ ಪುಟ್ಟ ಸ್ಕ್ರಿಪ್ಟೊಂದನ್ನು ಲಿನಕ್ಸ್ ಸರ್ವರಿಗೆ ಕಳಿಸಿ ಓಡಿಸಿದರೆ ಕೆಲವೊಮ್ಮೆ ವಿಚಿತ್ರ ದೂರು ಬರುತ್ತದೆ: 'ಬ್ಯಾಶ್' ಸಿಗುತ್ತಿಲ್ಲ. ಬ್ಯಾಶ್ ಇದ್ದಲ್ಲೇ ಇರುತ್ತದೆ. ಸ್ಕ್ರಿಪ್ಟನ್ನು ಓಡಿಸಬೇಕಾದ ಬ್ಯಾಶ್‌ನ ಹೆಸರಿರುವ ಮೊದಲ ಸಾಲನ್ನು ಎಷ್ಟು ಸಲ ಓದಿದರೂ ತಪ್ಪು ಕಾಣದು. ಆ ಸಾಲಿನ ಕೊನೆಗೆ ಕಣ್ಣಿಗೆ ಬೀಳದ ಅಕ್ಷರವೊಂದು ಅಂಟಿಕೊಂಡಿದ್ದು, ಲಿನಕ್ಸ್ ಅದನ್ನೂ ಸೇರಿಸಿಯೇ ಹೆಸರು ಹುಡುಕುತ್ತಿರುತ್ತದೆ. ಸಿಎಸ್‌ವಿ ಫೈಲಿನ ಕೊನೆಯ ಕಾಲಂನಲ್ಲಿರುವ 'ಮೈಸೂರು' ಇನ್ನೊಂದು ಪಟ್ಟಿಯ 'ಮೈಸೂರು'ಗೆ ಹೊಂದದೆ ಹೋಗುವುದೂ ಎಷ್ಟೋ ಸಲ ಇದರಿಂದಲೇ.

ಆ ಅಕ್ಷರದ ಸಂಖ್ಯೆ 13. ಹೆಸರು ಕ್ಯಾರೇಜ್ ರಿಟರ್ನ್, ಚುಟುಕಾಗಿ ಸಿಆರ್. ಟೆಲಿಪ್ರಿಂಟರ್‌ನ ಅಚ್ಚಿನ ತಲೆಯನ್ನು ಎಡ ಅಂಚಿಗೆ ತರುವ ಆಜ್ಞೆ ಅದು. ಕಾಗದವನ್ನು ಒಂದು ಸಾಲು ಸರಿಸುವ ಆಜ್ಞೆ ಲೈನ್ ಫೀಡ್, ಅಂದರೆ ಎಲ್‌ಎಫ್, ಸಂಖ್ಯೆ 10. 1960ರ ದಶಕದ ಮಾಡೆಲ್ 33 ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರ ಮೂಡಿಸುತ್ತಿತ್ತು. ಬಲತುದಿಯಿಂದ ಎಡಕ್ಕೆ ಮರಳಲು ತಲೆಗೆ ಒಂದು ಅಕ್ಷರದ ಹೊತ್ತು ಸಾಲುತ್ತಿರಲಿಲ್ಲ. ಅದಕ್ಕೇ ಸಿಆರ್ ಮೊದಲು, ಎಲ್‌ಎಫ್ ಆಮೇಲೆ: ಕಾಗದ ಸರಿಯುವಷ್ಟರಲ್ಲಿ ತಲೆ ಜಾಗಕ್ಕೆ ಬಂದಿರುತ್ತಿತ್ತು.

ಯಂತ್ರ ಹೋದರೂ ಆಜ್ಞೆಗಳು ಉಳಿದವು. ಮಲ್ಟಿಕ್ಸ್‌ನ ಜಾಡು ಹಿಡಿದ ಯುನಿಕ್ಸ್‌ಗೆ ಎಲ್‌ಎಫ್ ಒಂದೇ ಸಾಕಾಯಿತು, ಲಿನಕ್ಸ್‌ಗೂ ಅದೇ. ಡಾಸ್, ಅದರ ಹಿಂದೆಯೇ ವಿಂಡೋಸ್, ಎರಡನ್ನೂ ಇಟ್ಟುಕೊಂಡವು. ಹಳೆಯ ಮ್ಯಾಕ್‌ನದು ಬರೀ ಸಿಆರ್. ಎಲ್‌ಎಫ್ ಮಾತ್ರ ಇರುವ ಫೈಲನ್ನು ಸಾಲುಸಾಲಾಗಿ ತೋರಿಸಲು ವಿಂಡೋಸ್‌ನ ನೋಟ್‌ಪ್ಯಾಡ್ ಕಲಿತದ್ದು 2018ರಲ್ಲಿ. ಇಷ್ಟು ಸಣ್ಣ ಕೆಲಸಕ್ಕೆ ಅಷ್ಟು ವರ್ಷ!

ಪರಿಹಾರ ಸುಲಭ. ಫೈಲಿನಲ್ಲಿ ಯಾವ ಗುರುತಿದೆ ಎಂದು ವಿಎಸ್ ಕೋಡ್ ಕಿಟಕಿಯ ಕೆಳಪಟ್ಟಿಯಲ್ಲಿ ತೋರಿಸುತ್ತದೆ. ಅಲ್ಲೇ ಒತ್ತಿ ಬದಲಿಸಬಹುದು. ಲಿನಕ್ಸ್‌ನಲ್ಲಾದರೆ 'ಡಾಸ್2ಯುನಿಕ್ಸ್' ಇದೆ. ಗಿಟ್ ಬಳಸುವ ತಂಡಗಳು ಸಾಲಿನ ಕೊನೆಗೆ ಯಾವ ಗುರುತಿರಬೇಕೆಂಬ ನಿಯಮವನ್ನು ಒಬ್ಬೊಬ್ಬರ ಕಂಪ್ಯೂಟರಿಗೆ ಬಿಡದೆ ಪ್ರಾಜೆಕ್ಟಿನೊಳಗೇ ಬರೆದಿಡುವುದು ಮೇಲು.

ಪಠ್ಯವಲ್ಲದ ಫೈಲಿಗೆ ಮಾತ್ರ ಈ ಮದ್ದು ವಿಷ. ಎಫ್‌ಟಿಪಿಯಲ್ಲಿ ಚಿತ್ರವನ್ನು ಪಠ್ಯವೆಂದು ಕಳಿಸಿದರೆ ದಾರಿಯಲ್ಲಿ 10, 13ರ ಬೈಟ್‌ಗಳು ಅದಲುಬದಲಾಗಿ ಚಿತ್ರ ಕೆಡಬಹುದು. ಪಿಎನ್‌ಜಿ ರೂಪಿಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಪ್ರತಿ ಪಿಎನ್‌ಜಿ ಚಿತ್ರದ ಮೊದಲ ಎಂಟು ಬೈಟ್‌ಗಳು 137, 80, 78, 71, 13, 10, 26, 10. ಸಿಆರ್-ಎಲ್‌ಎಫ್ ಜೋಡಿಯನ್ನೂ ಒಂಟಿ ಎಲ್‌ಎಫ್ ಅನ್ನೂ ಬೇಕೆಂದೇ ಅಲ್ಲಿ ಇಟ್ಟಿದ್ದಾರೆ. ದಾರಿಯಲ್ಲಿ ಯಾರಾದರೂ ಸಾಲು 'ಸರಿಪಡಿಸಿ'ದ್ದರೆ ತೆರೆದ ತಕ್ಷಣ ಸಿಕ್ಕಿಬೀಳುತ್ತದೆ.

ಕನ್ನಡ ಪಠ್ಯಕ್ಕೂ ಒಂದು ಎಚ್ಚರಿಕೆ ಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಸಂಕೇತಕ್ಕೂ ಮೂರು ಬೈಟ್. ಯಾವುದೂ 128ಕ್ಕಿಂತ ಕೆಳಗಿಳಿಯದ ಕಾರಣ 13ನ್ನು ಅಳಿಸಿದರೂ ಅಕ್ಷರ ಕೆಡದು. ಆದರೆ ಎಕ್ಸೆಲ್‌ನಲ್ಲಿ 'ಯುನಿಕೋಡ್ ಟೆಕ್ಸ್ಟ್' ಎಂದು ಉಳಿಸಿದ ಫೈಲು ಯುಟಿಎಫ್-16. ಅಲ್ಲಿ ಸಿಆರ್ ಎಂದರೆ 13 ಮತ್ತು 0, ಎರಡು ಬೈಟ್. ಬರೀ 13ನ್ನು ಕಿತ್ತರೆ ಸೊನ್ನೆ ಒಂಟಿಯಾಗಿ, ಮುಂದಿನ ಅಕ್ಷರಗಳ ಜೋಡಿಯೆಲ್ಲ ತಪ್ಪುತ್ತದೆ. ಮಲಯಾಳಂ ಪಾಡು ಇನ್ನೂ ಕಷ್ಟ: ಯುಟಿಎಫ್-16ರಲ್ಲಿ ಅದರ ಒಂದೊಂದು ಅಕ್ಷರದಲ್ಲೂ 13 ಕೂತಿದೆ. ಇಂಥ ಫೈಲನ್ನು ಮೊದಲು ಯುಟಿಎಫ್-8ಕ್ಕೆ ತಂದು, ಆಮೇಲೆ ಸಿಆರ್‌ಗೆ ಕೈಹಾಕಬೇಕು.