ಪಂಪ್ ಇದ್ದರೂ ಪೆನ್ ಬಿಸಾಡಬೇಡಿ

ಸಕ್ಕರೆ ಅಳೆಯುವ ಸೆನ್ಸರ್, ಇನ್ಸುಲಿನ್ ಹಾಕುವ ಪಂಪ್, ನಡುವೆ ಲೆಕ್ಕ ಹಾಕುವ ಸಾಫ್ಟ್‌ವೇರ್. ಟೈಪ್ 1 ಮಧುಮೇಹದ ಇಂಥ ಮೊದಲ ಯಂತ್ರಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2016ರಲ್ಲಿ. ಹೆಸರು ‘ಸ್ವಯಂಚಾಲಿತ’, ಕೆಲಸ ಮಾತ್ರ ಅರ್ಧ ಅದರದು, ಅರ್ಧ ನಿಮ್ಮದು. ಸೆನ್ಸರ್ ನೋಡುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು; ಸಕ್ಕರೆ ಸರ್ರನೆ ಏರಿಳಿಯುವಾಗ ಅದು ಕೆಲವು ನಿಮಿಷ ಹಿಂದೆಯೇ ಇರುತ್ತದೆ. ಚರ್ಮದಡಿ ಹೋದ ಇನ್ಸುಲಿನ್ನೂ ಊಟದಷ್ಟು ಚುರುಕಲ್ಲ. ಹಾಗಾಗಿ ಅಕ್ಕಿರೊಟ್ಟಿಯೋ ಕಡುಬೋ, ತಟ್ಟೆಯಲ್ಲಿ ಎಷ್ಟು ಕಾರ್ಬೋಹೈಡ್ರೇಟ್ ಇದೆ ಎಂದು ಉಣ್ಣುವ ಮೊದಲೇ ಯಂತ್ರಕ್ಕೆ ಹೇಳಬೇಕು. ಅದು ನಿಜಕ್ಕೂ ಗೆಲ್ಲುವುದು ರಾತ್ರಿ: ಸಕ್ಕರೆ ಕುಸಿಯುವ ಸೂಚನೆ ಕಂಡರೆ ತಾನೇ ಇನ್ಸುಲಿನ್ ತಡೆಯುತ್ತದೆ. ನಿದ್ದೆಗೆಟ್ಟು ಮಗುವಿನ ಬೆರಳು ಚುಚ್ಚುವ ಅಪ್ಪ ಅಮ್ಮನಿಗೆ ಇದು ಸಣ್ಣ ಉಪಕಾರವೇನಲ್ಲ.

‘ಲಕ್ಷಗಟ್ಟಲೆ ಬೆಲೆ, ನಮಗಲ್ಲ ಬಿಡಿ’ ಎನ್ನಬಹುದು. 2015ರಲ್ಲಿ ಎಂಪಿಎಂ ಕಾಗದ ಕಾರ್ಖಾನೆ ನಿಂತ ಭದ್ರಾವತಿಯ ಕಾಗದನಗರದಲ್ಲಿ ಆ ಮಾತು ಸುಳ್ಳಲ್ಲ. ಪಂಪ್ ಕೊಂಡ ಮೇಲೂ ಸೆನ್ಸರ್, ನಳಿಗೆಗಳ ಖರ್ಚು ತಿಂಗಳು ತಿಂಗಳೂ ಇದ್ದೇ ಇದೆ. ಆದರೆ ಸೆನ್ಸರನ್ನು ಪಂಪಿಲ್ಲದೆಯೂ, ಪೆನ್ ಇನ್ಸುಲಿನ್ ಜೊತೆಗೇ, ವೈದ್ಯರು ಹೇಳಿದಷ್ಟು ವಾರ ಮಾತ್ರ ಹಾಕಿಕೊಂಡು ಡೋಸ್ ತಿದ್ದಿಕೊಳ್ಳಬಹುದು. ಕೈಯಲ್ಲಿರುವ ಹಣ ಮೊದಲು ಅಲ್ಲಿಗೆ ಹೋಗಲಿ ಎಂಬುದು ನನ್ನ ವಾದ. ಪಂಪ್ ಕೊಂಡವರೂ ಪೆನ್, ಗ್ಲುಕೋಮೀಟರ್ ಬಿಸಾಡುವಂತಿಲ್ಲ. ಪಂಪಿನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ನಳಿಗೆ ಮಡಚಿಕೊಂಡು ಇನ್ಸುಲಿನ್ ನಿಂತರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುತ್ತದೆ. ಆಗ ವೈದ್ಯರು ಮೊದಲೇ ಹೇಳಿಕೊಟ್ಟಂತೆ ಪೆನ್ನಿನಿಂದ ಇನ್ಸುಲಿನ್, ಆಮೇಲೆ ಹೊಸ ನಳಿಗೆ. ವಾಂತಿ, ಏದುಸಿರು ಶುರುವಾದರೆ ಭದ್ರಾವತಿಯ ಸರ್ಕಾರಿ ಆಸ್ಪತ್ರೆಯೋ ಶಿವಮೊಗ್ಗದ ಮೆಗ್ಗಾನೋ, ತಡಮಾಡದೆ ಹೊರಡಬೇಕು.