ಬಿಟ್ಟು ಬಿಟ್ಟು ಹರಿಯುವ ಕರೆಂಟು: ಝಟ್ಕಾ ಬೇಲಿಯ ಖರ್ಚು ಅಳೆಯುವುದು ಹೇಗೆ?

ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮೋಡ ಮುಚ್ಚಿಕೊಂಡು ಮೂರು ದಿನ ಬಿಸಿಲೇ ಬೀಳಲಿಲ್ಲ. ಎರಡನೇ ರಾತ್ರಿ ಝಟ್ಕಾ ಮಿಷನ್ನಿನ ಟಿಕ್ ಟಿಕ್ ಸದ್ದು ನಿಂತುಹೋಗಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಕಾಡುಹಂದಿಗಳು ಅರ್ಧ ಎಕರೆ ಉತ್ತು ಹಾಕಿದ್ದವು. ಮಿಷನ್ನಿಗೆ ಏನೂ ಆಗಿರಲಿಲ್ಲ. ಅದು ಎಷ್ಟು ಕರೆಂಟು ತಿನ್ನುತ್ತೆ ಅಂತ ನಾನು ಅಳೆದದ್ದೇ ತಪ್ಪಾಗಿತ್ತು.

ಅಳೆಯುವಾಗ ಮಲ್ಟಿಮೀಟರನ್ನು ಆಂಪಿಯರಿಗೆ ತಿರುಗಿಸಿ ಬ್ಯಾಟರಿಯ ಪ್ಲಸ್ ವೈರಿನ ಮಧ್ಯೆ ಸೇರಿಸಿದ್ದೆ. ಒಮ್ಮೆ 0.01, ಒಮ್ಮೆ 0.41, ಒಮ್ಮೆ 0.97 ತೋರಿಸಿತು. ಹೆಚ್ಚು ಹೊತ್ತು ಕಂಡದ್ದು 0.01. ಅದನ್ನೇ ನಂಬಿ 7 ಆಂಪಿಯರ್-ಅವರ್ ಬ್ಯಾಟರಿ ಧಾರಾಳ ಆಯ್ತು ಅಂದುಕೊಂಡೆ. ಬೆಳೆ ಹೋದ ಮೇಲೆ ಅಂಗಡಿಯವರು 0.97 ನೋಡಿ, 75 ಆಂಪಿಯರ್-ಅವರಿನದ್ದೇ ಬೇಕು ಅಂದರು. ಇಬ್ಬರೂ ಮೀಟರ್ ನೋಡಿಯೇ ಹೇಳಿದ್ದು, ಇಬ್ಬರದ್ದೂ ತಪ್ಪು.

ಮೀಟರ್ ಯಾಕೆ ಕುಣಿಯುತ್ತೆ?

ಝಟ್ಕಾ ಮಿಷನ್ನಿನ ಒಳಗೆ ಒಂದು ಆಸಿಲೇಟರ್ ಇರುತ್ತದೆ. ಅದು ಬ್ಯಾಟರಿಯ 12 ವೋಲ್ಟನ್ನು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸಿ, ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ನೂರಾರು ವೋಲ್ಟಿಗೆ ಏರಿಸಿ ಒಂದು ಕೆಪಾಸಿಟರ್ ತುಂಬಿಸುತ್ತದೆ. ನಾವು ಮೋಟಾರಿಗೆ ಹಾಕುವ ಕಂಡೆನ್ಸರ್ ಇದೆಯಲ್ಲ, ಅದೇ ಜಾತಿಯದ್ದು. ಹೆಚ್ಚುಕಮ್ಮಿ ಸೆಕೆಂಡಿಗೊಮ್ಮೆ ಅದು ಒಂದೇ ಏಟಿಗೆ ಖಾಲಿಯಾಗಿ ಇನ್ನೊಂದು ಟ್ರಾನ್ಸ್‌ಫಾರ್ಮರ್ ಮೂಲಕ ಬೇಲಿಗೆ ಹೋಗುತ್ತದೆ. ಬೇಲಿಯಲ್ಲಿ ಸಾವಿರಾರು ವೋಲ್ಟ್ ಇದ್ದರೂ ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು.

ಹೀಗಾಗಿ ಕೆಪಾಸಿಟರ್ ತುಂಬುವಾಗ ಬ್ಯಾಟರಿಯಿಂದ ಕರೆಂಟು ಜೋರಾಗಿ ಬರುತ್ತೆ, ತುಂಬಿದ ಮೇಲೆ ಹತ್ತಿರ ಹತ್ತಿರ ನಿಂತೇ ಹೋಗುತ್ತೆ. ಅಗ್ಗದ ಮೀಟರು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಇಣುಕಿ ನೋಡುತ್ತದೆ. ಇಣುಕಿದಾಗ ಏನು ಕಂಡಿತೋ ಅದನ್ನೇ ಹೇಳುತ್ತದೆ.

ನಮ್ಮ ಕಡೆ ಬೋರು ಗಾಳಿ ಉಗುಳಿ ಬಿಟ್ಟು ಬಿಟ್ಟು ನೀರು ಹಾಕುತ್ತಲ್ಲ, ಹಾಗೇ ಇದು. ಜೋರಾಗಿ ಬಂದಾಗ ನೋಡಿದವರು ಎರಡಿಂಚು ಅಂತಾರೆ, ನಿಂತಾಗ ನೋಡಿದವರು ಒಣಗಿದೆ ಅಂತಾರೆ. ನಿಜ ಬೇಕಾದರೆ ಡ್ರಮ್ ಇಟ್ಟು, ತುಂಬಲು ಎಷ್ಟು ಹೊತ್ತಾಯ್ತು ಅಂತ ನೋಡಬೇಕು. ಕರೆಂಟಿಗೂ ಒಂದು ಡ್ರಮ್ ಬೇಕು.

ಮನೆಯಲ್ಲೇ ಮಾಡಿಕೊಳ್ಳುವ ಡ್ರಮ್

ಬೇಕಾದ್ದು ಮೂರೇ ಸಾಮಾನು: 0.1 ಓಮ್ 5 ವ್ಯಾಟಿನ ರೆಸಿಸ್ಟರ್, 10,000 ಓಮಿನ ಸಣ್ಣ ರೆಸಿಸ್ಟರ್, 4700 ಮೈಕ್ರೋಫ್ಯಾರಡ್ 25 ವೋಲ್ಟಿನ ಕೆಪಾಸಿಟರ್. ರೇಡಿಯೋ, ಟಿ.ವಿ. ರಿಪೇರಿ ಸಾಮಾನು ಮಾರುವಲ್ಲಿ ಸಿಗುತ್ತವೆ.

1. ಮಿಷನ್ ಆಫ್ ಮಾಡಿ. ಬ್ಯಾಟರಿಗೆ ಪ್ಯಾನೆಲ್ಲಿನಿಂದ ಬರುವ ವೈರು ಬಿಚ್ಚಿಡಿ.
2. ಬ್ಯಾಟರಿ ಪ್ಲಸ್‌ನಿಂದ ಮಿಷನ್ನಿಗೆ ಹೋಗುವ ವೈರಿನ ಮಧ್ಯೆ 0.1 ಓಮ್ ರೆಸಿಸ್ಟರ್ ಸೇರಿಸಿ. ಫ್ಯೂಸು ಇರಲಿ.
3. ಈ ರೆಸಿಸ್ಟರಿನ ಬ್ಯಾಟರಿ ಕಡೆಯ ತುದಿಗೆ 10,000 ಓಮಿನದ್ದರ ಒಂದು ತುದಿ ಕೊಡಿ. ಅದರ ಇನ್ನೊಂದು ತುದಿಗೆ ಕೆಪಾಸಿಟರಿನ ಪ್ಲಸ್ ಕಾಲು. ಕೆಪಾಸಿಟರಿನ ಮೈನಸ್ ಕಾಲು 0.1 ಓಮಿನ ಮಿಷನ್ ಕಡೆಯ ತುದಿಗೆ.
4. ಮೀಟರನ್ನು ಡಿ.ಸಿ. 200 ಮಿಲಿವೋಲ್ಟಿಗೆ ತಿರುಗಿಸಿ, ಕಡ್ಡಿಗಳನ್ನು ಕೆಪಾಸಿಟರಿನ ಎರಡು ಕಾಲಿಗೆ ಹಿಡಿಸಿ.
5. ಮಿಷನ್ ಆನ್ ಮಾಡಿ ಐದು ನಿಮಿಷ ಸುಮ್ಮನಿರಿ. ಸಂಖ್ಯೆ ನಿಧಾನಕ್ಕೆ ಏರಿ ಒಂದು ಕಡೆ ನಿಲ್ಲುತ್ತದೆ.

10 ಮಿಲಿವೋಲ್ಟಿಗೆ 0.1 ಆಂಪಿಯರ್ ಲೆಕ್ಕ. ನನ್ನದು 20ರಲ್ಲಿ ನಿಂತಿತು, ಅಂದರೆ 0.2 ಆಂಪಿಯರ್. ರೆಸಿಸ್ಟರ್ ಸರಿ ಇದೆಯೋ ಅನುಮಾನ ಬಂದರೆ ಮಿಷನ್ ಬದಲು ಒಂದು 12 ವೋಲ್ಟಿನ ಸಣ್ಣ ಬಲ್ಬು ಉರಿಸಿ ನೋಡಿ. ಬಲ್ಬಿನ ಕರೆಂಟು ಕುಣಿಯುವುದಿಲ್ಲ. ಅದನ್ನು ಯಾವ ಮೀಟರ್ ಆದರೂ ಸರಿಯಾಗಿ ಹೇಳುತ್ತೆ. ಎರಡನ್ನೂ ಹೋಲಿಸಿದರೆ ಆಯಿತು.

ದುಬಾರಿ ಮೀಟರೂ ತಪ್ಪಿಸೀತು

'ಟ್ರೂ ಆರ್.ಎಂ.ಎಸ್.' ಅಂತ ಬರೆದ ಮೀಟರ್ ತಂದರೆ ಎಲ್ಲಾ ಸರಿಹೋಗುತ್ತೆ ಅನ್ನುವವರಿದ್ದಾರೆ. ಇಲ್ಲಿ ಎಚ್ಚರ ಬೇಕು. ಪ್ರತಿ ಸೆಕೆಂಡಿನಲ್ಲಿ 0.2 ಸೆಕೆಂಡು 1 ಆಂಪಿಯರ್ ಹರಿದು, ಉಳಿದ 0.8 ಸೆಕೆಂಡು ಏನೂ ಇಲ್ಲ ಅಂತಿಟ್ಟುಕೊಳ್ಳಿ. ಸರಾಸರಿ 0.2 ಆಂಪಿಯರ್. ಆರ್.ಎಂ.ಎಸ್. ಲೆಕ್ಕದಲ್ಲಿ ಅದೇ 0.45 ಆಗುತ್ತೆ. ವೈರು ಎಷ್ಟು ಬಿಸಿಯಾಗುತ್ತೆ ಅನ್ನೋದಕ್ಕೆ ಆರ್.ಎಂ.ಎಸ್. ಬೇಕು. ಬ್ಯಾಟರಿಯಿಂದ ಎಷ್ಟು ಖರ್ಚಾಯ್ತು ಅನ್ನೋದಕ್ಕೆ ಸರಾಸರಿಯೇ ಬೇಕು, ಯಾಕೆಂದರೆ ಬ್ಯಾಟರಿಯ ವೋಲ್ಟೇಜು ಅಲ್ಲಾಡದೆ 12ರ ಹತ್ತಿರವೇ ಇರುತ್ತೆ. 12 ಗುಣಿಸು 0.2 ಅಂದರೆ 2.4 ವ್ಯಾಟ್. ಇದೇ ನಿಜವಾದ ಪವರ್. ವೋಲ್ಟೇಜೂ ಕರೆಂಟೂ ಎರಡೂ ಕುಣಿಯುವ ಕಡೆ ಈ ಗುಣಾಕಾರ ನಡೆಯಲ್ಲ. ಅಲ್ಲಿ ಕ್ಷಣಕ್ಷಣದ್ದನ್ನೂ ಗುಣಿಸಿ ಕೂಡಿಸುವ ಆಸಿಲೋಸ್ಕೋಪ್ ಬೇಕು.

ಇನ್ನೊಂದು ತಾಳೆ ನೋಡಿದೆ. ರಿಪೇರಿಯವರ ಪ್ರಕಾರ ನನ್ನ ಮಿಷನ್ನಿನ ಕೆಪಾಸಿಟರ್ 10 ಮೈಕ್ರೋಫ್ಯಾರಡ್, 600 ವೋಲ್ಟಿಗೆ ತುಂಬುತ್ತೆ. ವೋಲ್ಟಿನ ವರ್ಗವನ್ನು ಫ್ಯಾರಡ್‌ನಿಂದ ಗುಣಿಸಿ ಅರ್ಧ ಮಾಡಿದರೆ ಏಟಿಗೆ 1.8 ಜೂಲ್. ಸೆಕೆಂಡಿಗೊಂದು ಏಟು, ಅಂದರೆ 1.8 ವ್ಯಾಟ್. 2.4 ತಿಂದು 1.8 ಕೊಡುವುದು ನಂಬುವ ಮಾತು. ನಾನು ಮೊದಲು ಬರೆದುಕೊಂಡ 0.01 ಆಂಪಿಯರ್ ಅಂದರೆ 0.12 ವ್ಯಾಟ್. ಅಷ್ಟು ತಿಂದು 1.8 ಕೊಡುವ ಹಸು ಎಲ್ಲೂ ಇಲ್ಲ!

ಬ್ಯಾಟರಿ ಎಷ್ಟರದ್ದು?

ರಾತ್ರಿ 12 ಗಂಟೆ ಓಡಿದರೆ 2.4 ಆಂಪಿಯರ್-ಅವರ್. ಬಿಸಿಲಿಲ್ಲದ ಮೂರು ರಾತ್ರಿಗೆ 7.2. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಸ್ಸು ಬೇಗ ಮುಗಿಯುತ್ತೆ. ಹಾಗಾಗಿ 15ಕ್ಕೆ ಕಡಿಮೆ ಇಲ್ಲದ್ದು ಬೇಕು. ನನ್ನ 7ರದ್ದು ಒಂದೂವರೆ ರಾತ್ರಿಗೆ ಸುಸ್ತಾದದ್ದು ಸರಿಯೇ. ಅಂಗಡಿಯವರ 75ರದ್ದು ತಂದಿದ್ದರೆ ಐದು ಪಟ್ಟು ದೊಡ್ಡದಕ್ಕೆ ದುಡ್ಡು ಸುರಿದಂತಾಗುತ್ತಿತ್ತು.

ಕೊನೆಗೆ ಮೂರು ಮಾತು. ಬೇಲಿ ತಂತಿಗೆ ಈ ಮೀಟರ್ ಹಿಡಿಯಬೇಡಿ, ಸುಟ್ಟುಹೋಗುತ್ತೆ. ಅದಕ್ಕೆ ಬೇಲಿ ಟೆಸ್ಟರ್ ಬೇರೆ ಇದೆ. ಮಿಷನ್ನಿನ ಡಬ್ಬಿ ಬಿಚ್ಚಬೇಡಿ, ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಕೂತಿರುತ್ತೆ. ಬ್ಯಾಟರಿ ಕೈಕೊಟ್ಟಿತು ಅಂತ ಲೈನ್ ಕರೆಂಟನ್ನು ಬೇಲಿಗೆ ಎಳೆಯುವ ಯೋಚನೆ ಯಾವತ್ತೂ ಬೇಡ. ಅದು ಅಪರಾಧ, ಹಂದಿಗಿಂತ ಮೊದಲು ಮನುಷ್ಯರು ಸಾಯುತ್ತಾರೆ.