ಕಟ್ಟಿಗೆ ಅನಿಲದ ಬಾಯ್ಲರ್: ತಣ್ಣಗಿದ್ದಾಗ ಹೊತ್ತಿಸುವುದು ಹೇಗೆ?

ಜರ್ಮನಿ, ಆಸ್ಟ್ರಿಯಾ, ಝೆಕ್ ದೇಶಗಳ ಎಷ್ಟೋ ಹಳ್ಳಿಮನೆಗಳಲ್ಲಿ ಚಳಿಗಾಲ ಕಳೆಯುವುದು ನೆಲಮಾಳಿಗೆಯ ಬಾಯ್ಲರ್ ನಂಬಿಕೊಂಡು. ಮನೆ ಬೆಚ್ಚಗಿಡುವುದೂ ಸ್ನಾನಕ್ಕೆ ನೀರು ಕಾಯಿಸುವುದೂ ಅದರದೇ ಕೆಲಸ. ಉರುವಲು ಸೀಳಿದ ಕಟ್ಟಿಗೆ. ನಮ್ಮ ಬಚ್ಚಲುಮನೆಯ ಹಂಡೆ ಒಲೆಗೂ ಕಟ್ಟಿಗೆಯೇ ಬೇಕು; ಆದರೆ ಅಲ್ಲಿ ಉರಿ ಮೇಲಕ್ಕೇಳುತ್ತದೆ, ಇಲ್ಲಿ ಕೆಳಕ್ಕಿಳಿಯುತ್ತದೆ. ಹಂಡೆ ಒಲೆ ಹೊತ್ತಿಸಿದ ಅನುಭವ ಇಲ್ಲಿ ಸಾಲದು.

ಬಾಯ್ಲರಿನೊಳಗೆ ಎರಡು ಅಂತಸ್ತು. ಮೇಲಿನದರಲ್ಲಿ ಕಟ್ಟಿಗೆ ತುಂಬುತ್ತಾರೆ. ಅಲ್ಲಿಗೆ ಗಾಳಿ ಬೇಕೆಂದೇ ಕಡಿಮೆ. ಹಾಗಾಗಿ ಕಟ್ಟಿಗೆ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್, ಜಲಜನಕ, ಸ್ವಲ್ಪ ಮೀಥೇನ್, ಟಾರಿನ ಆವಿ ಇವನ್ನೆಲ್ಲ ಬಿಡುತ್ತದೆ. ಫ್ಯಾನು ಈ ಅನಿಲವನ್ನು ಕೆಂಡದ ಹಾಸಿನ ಮೂಲಕ, ಕಾವು ತಡೆಯುವ ಇಟ್ಟಿಗೆಯಲ್ಲಿರುವ ಕಂಡಿಯಿಂದ ಕೆಳಗಿನ ಕೋಣೆಗೆ ಹಾಯಿಸುತ್ತದೆ. ಅಲ್ಲಿ ಮತ್ತಷ್ಟು ಗಾಳಿ ಸೇರಿ 1,000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ, ಹೊಗೆ ಕಾಣದಷ್ಟು ಸ್ವಚ್ಛವಾಗಿ ಅನಿಲ ಉರಿಯುತ್ತದೆ. ಕಟ್ಟಿಗೆಯಿಂದ ಅನಿಲ ತೆಗೆಯುವ ಈ ತತ್ವ ಕರ್ನಾಟಕಕ್ಕೆ ಹೊಸದಲ್ಲ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯವರು ಇಂಥ ಅನಿಲದಿಂದ ಎಂಜಿನ್ ಓಡಿಸಿ ಊರಿಗೆ ವಿದ್ಯುತ್ ಕೊಟ್ಟಿದ್ದರು.

ತಣ್ಣಗಿರುವ ಬಾಯ್ಲರಿನಲ್ಲಿ ಕೆಂಡವಿಲ್ಲ, ಇಟ್ಟಿಗೆಗೆ ಕಾವಿಲ್ಲ. ಕಟ್ಟಿಗೆ ಅರೆಬರೆ ಹೊತ್ತಿಕೊಂಡರೆ ಅನಿಲವೇನೋ ಹುಟ್ಟುತ್ತದೆ, ಅದನ್ನು ಉರಿಸುವ ಬಿಸಿ ಮಾತ್ರ ಇರುವುದಿಲ್ಲ. ಆ ಅನಿಲ ಮೇಲಿನ ಕೋಣೆಯಲ್ಲಿ ತುಂಬಿಕೊಂಡಿರುವಾಗ ಯಾರಾದರೂ ಬಾಗಿಲು ಸರಕ್ಕನೆ ತೆಗೆದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಎದುರಿಗಿದ್ದವರ ಮುಖ, ಕೈ ಸುಡುತ್ತದೆ. ಹೊತ್ತಿಸುವ ಕ್ರಮವೆಲ್ಲ ಇರುವುದು ಇದನ್ನು ತಪ್ಪಿಸಲಿಕ್ಕೇ.

ಕಡ್ಡಿ ಗೀರುವ ಮೊದಲು ನೀರಿನ ಕಡೆ ನೋಡಿ. ಒತ್ತಡದ ಮೀಟರು ತಯಾರಕರು ಹೇಳಿದಷ್ಟು ತೋರಿಸುತ್ತಿದೆಯೇ, ಪಂಪು ತಿರುಗುತ್ತಿದೆಯೇ, ಬಿಸಿನೀರು ಕೂಡಿಡುವ ಬಫರ್ ಟ್ಯಾಂಕಿನಲ್ಲಿ ಇನ್ನೆಷ್ಟು ಬಿಸಿಗೆ ಜಾಗವಿದೆ? ಟ್ಯಾಂಕು ಅರ್ಧ ಬಿಸಿಯಾಗಿದ್ದರೆ ಕಟ್ಟಿಗೆಯನ್ನೂ ಅರ್ಧವೇ ಹಾಕಬೇಕು. ಒಮ್ಮೆ ಹೊತ್ತಿದ ಕಟ್ಟಿಗೆಯನ್ನು ಗುಂಡಿ ಒತ್ತಿ ಆರಿಸಲಾಗದು. ಕೈಯಿಂದ ಕಟ್ಟಿಗೆ ತುಂಬುವ ಬಾಯ್ಲರಿಗೆ ಪ್ರತಿ ಕಿಲೋವ್ಯಾಟಿಗೆ ಕನಿಷ್ಠ 55 ಲೀಟರಿನ ಟ್ಯಾಂಕ್ ಇರಬೇಕೆಂದು ಜರ್ಮನಿಯ ನಿಯಮವೇ ಹೇಳುತ್ತದೆ. 25 ಕಿಲೋವ್ಯಾಟಿನ ಬಾಯ್ಲರಿಗೆ ಅದು 1,375 ಲೀಟರ್.

ಕಟ್ಟಿಗೆ ಒಣಗಿರಲೇಬೇಕು. ತೇವಾಂಶ ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಕ್ಷೇಮ. ಸೀಳಿ, ಮಳೆ ತಾಗದಂತೆ ಗಾಳಿಯಾಡುವ ಕಡೆ ಎರಡು ಬೇಸಿಗೆ ಒಟ್ಟಿಟ್ಟರೆ ಅಷ್ಟಕ್ಕೆ ಇಳಿಯುತ್ತದೆ. ಹಸಿ ಕಟ್ಟಿಗೆ ಹಾಕಿದರೆ ಕಾವೆಲ್ಲ ನೀರು ಆವಿಯಾಗಿಸುವುದಕ್ಕೇ ಹೋಗಿ, ಚಿಮಣಿಯ ಒಳಮೈಗೆ ಟಾರು ಅಂಟುತ್ತದೆ. ಮುಂದೊಂದು ದಿನ ಚಿಮಣಿಗೇ ಬೆಂಕಿ ಹತ್ತುವುದು ಆ ಟಾರಿನಿಂದ.

ಹಿಂದಿನ ಬೂದಿಯನ್ನು ಕಂಡಿಯ ಮೇಲಿಂದ ಸರಿಸಿ, ಇದ್ದಿಲು ಉಳಿದಿದ್ದರೆ ಅಲ್ಲೇ ಬಿಡಿ. ಚಿಮಣಿಗೆ ನೇರ ದಾರಿ ಕೊಡುವ ಬೈಪಾಸ್ ತಟ್ಟೆಯನ್ನು ತೆರೆದು, ಫ್ಯಾನು ಹಾಕಿ. ಕಂಡಿ ಮುಚ್ಚದಂತೆ ಅದರ ಎರಡು ಪಕ್ಕಕ್ಕೂ ಸಣ್ಣ ಸೀಳುಗಳನ್ನಿಟ್ಟು, ಮೇಲೆ ಅಡ್ಡಡ್ಡ ಸ್ಪ್ರೂಸ್ ಮರದ ಒಣ ಚಕ್ಕೆ ಜೋಡಿಸಿ, ಕಾಗದದಿಂದ ಹೊತ್ತಿಸಿ. ಸೀಮೆಎಣ್ಣೆ, ಪೆಟ್ರೋಲ್, ಸ್ಪಿರಿಟ್ ಯಾವುದನ್ನೂ ತರಬೇಡಿ. ಚಕ್ಕೆ ಚೆನ್ನಾಗಿ ಹತ್ತಿಕೊಂಡು ಕೆಂಡವಾಗತೊಡಗಿದ ಮೇಲೆ ದೊಡ್ಡ ಸೀಳುಗಳನ್ನು ಹಾಕಿ. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಕಾಲು ಗಂಟೆ ಕಾಯುವುದರಿಂದ ನಷ್ಟವೇನೂ ಇಲ್ಲ.

ಬೈಪಾಸ್ ಮುಚ್ಚುವುದು ಯಾವಾಗ? ಹೊಗೆಯ ಉಷ್ಣಾಂಶ ಎಷ್ಟಾಗಬೇಕೆಂದು ಆಯಾ ಬಾಯ್ಲರಿನ ಕೈಪಿಡಿಯಲ್ಲಿರುತ್ತದೆ, ಅದನ್ನೇ ಪಾಲಿಸಿ. ಮುಚ್ಚಿದ ಮೇಲೆ ಕೆಳಗಿನ ಗಾಜಿನ ಕಿಂಡಿಯಲ್ಲಿ ನೋಡಿ. ಕಂಡಿಯಿಂದ ಉರಿ ಕೆಳಮುಖವಾಗಿ ಚಿಮ್ಮುತ್ತಾ ಗುಂಯ್ ಎಂಬ ಸದ್ದು ಬಂದರೆ ಅನಿಲ ಹತ್ತಿಕೊಂಡಿದೆ. ಉರಿ ಕಾಣದೆ ಚಿಮಣಿಯಿಂದ ಬಿಳಿ ಹೊಗೆ ಹೋಗುತ್ತಿದ್ದರೆ ಇನ್ನೂ ಕೆಂಡವಾಗಿಲ್ಲ ಎಂದರ್ಥ. ಬೈಪಾಸ್ ಮತ್ತೆ ತೆರೆದು ಕಾಯಬೇಕು. ಕಂಡಿಯಲ್ಲಿ ಉರಿಯುತ್ತಿದ್ದುದು ನಡುವೆ ನಿಂತುಹೋದರೆ ಕಟ್ಟಿಗೆ ಒಂದಕ್ಕೊಂದು ಸಿಕ್ಕಿ ಮೇಲೇ ನಿಂತು, ಕೆಳಗೆ ಪೊಳ್ಳಾಗಿರುವ ಸಾಧ್ಯತೆಯೂ ಉಂಟು.

ಆಗ ಬಾಗಿಲು ತೆಗೆಯಬೇಕಾಗುತ್ತದೆ. ಮೊದಲು ಬೈಪಾಸ್ ತೆರೆಯಿರಿ, ಫ್ಯಾನು ಓಡುತ್ತಿರಲಿ, ಒಳಗಿನ ಅನಿಲ ಚಿಮಣಿಗೆ ಹೋಗಲು ಸ್ವಲ್ಪ ಹೊತ್ತು ಬಿಡಿ. ಪಕ್ಕಕ್ಕೆ ನಿಂತು ಬಾಗಿಲನ್ನು ಬೆರಳಷ್ಟು ಸಂದು ಮಾಡಿ, ಇನ್ನೂ ಕೆಲವು ಸೆಕೆಂಡು ತಡೆದು, ಆಮೇಲೆ ಪೂರ್ತಿ ತೆಗೆಯಿರಿ. ಮುಖ ಬಗ್ಗಿಸಿ ಇಣುಕಬೇಡಿ. ಕರೆಂಟು ಹೋಗಿ ಫ್ಯಾನು ನಿಂತಿದ್ದರೆ ಬಾಗಿಲಿನ ಗೊಡವೆಗೇ ಹೋಗಬೇಡಿ. ಅತಿಯಾಗಿ ಕಾದ ನೀರನ್ನು ತಣಿಸಲು ತಣ್ಣೀರು ಹರಿಸುವ ಸುರಕ್ಷಾ ಕವಾಟ ಕರೆಂಟಿಲ್ಲದೆಯೇ ಕೆಲಸ ಮಾಡುತ್ತದೆ.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಯ್ಲರ್ ಕೋಣೆಯ ಗಾಳಿಕಿಂಡಿಯನ್ನು ಚಳಿಯೆಂದು ಬಟ್ಟೆ ತುರುಕಿ ಮುಚ್ಚಬೇಡಿ, ಮಲಗುವ ಕಡೆಯೂ ಈ ಅನಿಲವನ್ನು ಪತ್ತೆಹಚ್ಚುವ ಒಂದು ಅಲಾರಂ ಹಾಕಿಸಿ. ಬಾಯ್ಲರ್ ಉರಿಯುತ್ತಿರುವಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಬಂದು 112ಕ್ಕೆ ಕರೆ ಮಾಡಿ.